ಚಿಮಣಿ ಉಳಿದರೆ ಗಿರಣಿ ಉಳಿದಂತಲ್ಲ

ಪುಣೆ ಕ್ಯಾಂಪಿನ ಈಸ್ಟ್ ಸ್ಟ್ರೀಟಿನಲ್ಲಿರುವ ಕಯಾನಿ ಬೇಕರಿಯ ಮುಂದೆ ಸಾಲು ನಿಲ್ಲದ ದಿನವಿಲ್ಲ. ಬಂದವರಲ್ಲಿ ಹೆಚ್ಚಿನವರು ಕೇಳುವುದು ಶ್ರೂಸ್‌ಬರಿ ಬಿಸ್ಕತ್ತು. ಈ ಬಿಸ್ಕತ್ತಿಗೆ ಹೆಸರು ಕೊಟ್ಟ ಶ್ರೂಸ್‌ಬರಿ ಇಂಗ್ಲೆಂಡಿನ ಪಶ್ಚಿಮದಂಚಿನಲ್ಲಿ, ವೇಲ್ಸ್ ಗಡಿಗೆ ಹತ್ತಿರವಿರುವ ಊರು. ಕಟ್ಟಡಗಳ ಚರಿತ್ರೆ ಓದುವವರಿಗೆ ಆ ಊರು ಬೇರೊಂದು ಕಾರಣಕ್ಕೆ ಗೊತ್ತು. ಅಲ್ಲಿನ ಡಿದರಿಂಗ್ಟನ್ ಎಂಬಲ್ಲಿ 1797ರಲ್ಲಿ ಅಗಸೆ ನಾರಿನಿಂದ ನೂಲು ತೆಗೆಯುವ ಐದು ಅಂತಸ್ತಿನ ಗಿರಣಿ ಎದ್ದಿತು. ಒಳಗಿನ ಕಂಬ, ತೊಲೆ ಎರಡನ್ನೂ ಕಬ್ಬಿಣದಲ್ಲೇ ಎರಕ ಹೊಯ್ದು ನಿಲ್ಲಿಸಿದ ಲೋಕದ ಮೊದಲ ಕಟ್ಟಡ ಅದು. ಯೋಜಿಸಿದವನು ಚಾರ್ಲ್ಸ್ ಬೇಜ್. ಇವತ್ತಿನ ನಲವತ್ತು ಅಂತಸ್ತಿನ ಗೋಪುರಗಳ ವಂಶವೃಕ್ಷ ಬರೆಯಹೊರಟರೆ ಬೇರಿನಲ್ಲಿ ಸಿಗುವುದು ಈ ಗಿರಣಿಯೇ.

ಕಬ್ಬಿಣ ಬಂದದ್ದು ಬೆಂಕಿಯ ಭಯದಿಂದ. ನೂಲುವ ಕೋಣೆಯ ಗಾಳಿಯಲ್ಲಿ ನಾರಿನ ಧೂಳು ತೇಲುತ್ತಿರುತ್ತದೆ. ನೆಲದ ಹಲಗೆಗಳು ಯಂತ್ರದ ಎಣ್ಣೆ ಕುಡಿದಿರುತ್ತವೆ. ಬೆಳಕಿಗೆ ಎಣ್ಣೆ ದೀಪ. ಒಂದು ಕಿಡಿ ಬಿದ್ದರೆ ಮರದ ತೊಲೆಯ ಕಟ್ಟಡ ಬೆಳಗಾಗುವುದರೊಳಗೆ ಬೂದಿ. 1796ರಲ್ಲಿ ಬೇಜ್‌ನ ಪಾಲುದಾರರ ಲೀಡ್ಸ್ ಗಿರಣಿ ಹೀಗೆಯೇ ಸುಟ್ಟಿತ್ತು. ಆದ್ದರಿಂದ ಮರವನ್ನೇ ಬಿಟ್ಟು, ಕಬ್ಬಿಣದ ತೊಲೆಯಿಂದ ತೊಲೆಗೆ ಇಟ್ಟಿಗೆಯ ಸಣ್ಣ ಕಮಾನು ಕಟ್ಟಿ, ಮೇಲೆ ಗಾರೆ ಹಾಕಿ ನೆಲ ಮಾಡಿದರು. ಮುಂದಿನ ನೂರು ವರ್ಷ ಇಂಗ್ಲೆಂಡಿನ ಲ್ಯಾಂಕಾಷೈರಿನಿಂದ ಮುಂಬಯಿವರೆಗೆ, ಅಲ್ಲಿಂದ ನಮ್ಮ ಘಟ್ಟದ ಮೇಲಿನ ಊರುಗಳವರೆಗೆ ಹರಡಿದ ಗಿರಣಿ ಕಟ್ಟಡಗಳಿಗೆ ಇದೇ ಮೂಲ ಪಾಠ. ದುಡ್ಡು ಸಾಲದವರು ಮರದ ತೊಲೆಗಳನ್ನೇ ದಪ್ಪನಾಗಿ ಇಟ್ಟು, ಬೇಗ ಸುಡದಂತೆ ನೋಡಿಕೊಂಡರು.

ಕ್ಯಾಂಪು ಮಾತ್ರ ಗಿರಣಿಯ ಊರಲ್ಲ. 1817ರ ಖಡಕಿ ಯುದ್ಧದಲ್ಲಿ ಪೇಶ್ವೆಗಳು ಸೋತ ಮೇಲೆ ಬ್ರಿಟಿಷ್ ಸೇನೆ ಬೀಡುಬಿಟ್ಟು ಬೆಳೆಸಿದ ದಂಡುಪ್ರದೇಶ ಇದು. ಆದರೆ ಹತ್ತಿಯ ಹಣ ಇಲ್ಲಿನ ಆಕಾಶಕ್ಕೆ ಒಂದು ಗೋಪುರ ಕೊಟ್ಟಿದೆ. ಊರಿನವರು ಲಾಲ್ ದೇವೂಳ್ ಎನ್ನುವ ಕೆಂಪು ಇಟ್ಟಿಗೆಯ ಓಹೆಲ್ ಡೇವಿಡ್ ಯಹೂದಿ ಪ್ರಾರ್ಥನಾ ಮಂದಿರ ಪೂರ್ಣಗೊಂಡದ್ದು 1867ರಲ್ಲಿ. ಕಟ್ಟಿಸಿದವರು ಬಾಗ್ದಾದಿನಿಂದ ಮುಂಬಯಿಗೆ ಬಂದು ಅಫೀಮು, ಹತ್ತಿಗಳ ವ್ಯಾಪಾರದಲ್ಲಿ ಬೆಳೆದ ಡೇವಿಡ್ ಸಸೂನ್. ಅವರು 1864ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಸಮಾಧಿ ಆ ಅಂಗಳದಲ್ಲಿಯೇ ಇದೆ. ರೈಲು ನಿಲ್ದಾಣದ ಹತ್ತಿರದ ಸಸೂನ್ ಆಸ್ಪತ್ರೆಯೂ ಅವರ ದಾನ. ಎರಡನ್ನೂ ರೂಪಿಸಿದವನು ಸೇನಾ ಎಂಜಿನಿಯರ್ ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್. ಮುಂದೆ ಇದೇ ಸಸೂನ್ ಮನೆತನದ ಒಂದು ಕವಲು ಮುಂಬಯಿಯ ಅತಿ ದೊಡ್ಡ ಗಿರಣಿ ಒಡೆಯರಾಯಿತು.

ಆ ಹಣದ ಹಿಂದೆ ನಮ್ಮ ಎರೆ ಹೊಲಗಳೂ ಇವೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಾಷೈರಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಭಾರತದ ಹತ್ತಿಗೆ ಬೆಲೆ ನೆಗೆಯಿತು. ಅದಕ್ಕೂ ಮೊದಲೇ, 1840ರ ದಶಕದಲ್ಲಿ, ಧಾರವಾಡ ಸೀಮೆಗೆ ನ್ಯೂ ಆರ್ಲಿಯನ್ಸಿನ ಬೀಜ ಬಂದಿತ್ತು; ಆ ತಳಿ ಪೇಟೆಯಲ್ಲಿ ಧಾರವಾಡ ಅಮೆರಿಕನ್ ಎನಿಸಿಕೊಂಡಿತು. ನಮ್ಮ ನಾಟಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದುದರಿಂದ ಕುಮಟಾ ಹತ್ತಿ ಎಂದೇ ಮಾರಾಟವಾಗುತ್ತಿತ್ತು. ಧಾರವಾಡದ ರೈತನ ಬೆಳೆಗೆ ಮುಂಬಯಿಯಲ್ಲಿ ಕಟ್ಟಿದ ಬೆಲೆಯ ಒಂದು ಪಾಲು ಪುಣೆ ಕ್ಯಾಂಪಿನ ಕೆಂಪು ಇಟ್ಟಿಗೆಯೊಳಗೂ ಸೇರಿರಬೇಕೆಂದು ಆ ಗೋಪುರದ ಕೆಳಗೆ ನಿಂತಾಗ ನನಗೆ ಅನ್ನಿಸುತ್ತದೆ.

ಗಿರಣಿಯನ್ನು ಘಟ್ಟದ ಮೇಲೆ ತಂದದ್ದು ರೈಲು. ಮುಂಬಯಿಯಲ್ಲಿ ಕಾವಸಜಿ ನಾನಾಭಾಯಿ ದಾವರ್ ಉಗಿಯಂತ್ರದ ಹತ್ತಿ ಗಿರಣಿಗೆ ಕಂಪನಿ ಕಟ್ಟಿದ್ದು 1854ರಲ್ಲಿ. ಹಳಿ 1860ಕ್ಕೆ ಸೊಲ್ಲಾಪುರ ಮುಟ್ಟಿತು, 1863ಕ್ಕೆ ಭೋರ್ ಘಾಟಿನ ಏರು ತೆರೆಯಿತು, 1871ಕ್ಕೆ ರಾಯಚೂರು ಸೇರಿತು. ಉಗಿ ಗಿರಣಿಗೆ ದಿನವೂ ಕಲ್ಲಿದ್ದಲು ಬೇಕು, ಹತ್ತಿಯ ಅಂಡಿಗೆಗಳು ಬರಬೇಕು, ಬಟ್ಟೆಯ ಗಂಟುಗಳು ಹೋಗಬೇಕು. ಆದ್ದರಿಂದ 1893ರಲ್ಲಿ ಪುಣೆಗೆ ದೊಡ್ಡ ಹತ್ತಿ ಗಿರಣಿ ಬಂದಾಗ ಅದು ನಿಂತದ್ದು ನಿಲ್ದಾಣದ ಬಗಲಿಗೇ. ರಾಜಾ ಬಹಾದ್ದೂರ್ ಮೋತಿಲಾಲ್ ಪೂನಾ ಮಿಲ್ಸ್ ಎಂಬುದು ಕಂಪನಿಯ ಹೆಸರು. ಜನರ ಬಾಯಲ್ಲಿ ರಾಜಾ ಬಹಾದ್ದೂರ್ ಮಿಲ್. ರಸ್ತೆಗೂ ಇದೇ ಹೆಸರು. ಈಗ ಅಲ್ಲಿ ಮಗ್ಗಗಳಿಲ್ಲ. ಹಳೆಯ ಗಿರಣಿಯ ಅಂಗಳದಲ್ಲಿ ಊಟದ ಮನೆಗಳು, ಪಬ್ಬುಗಳು, ಸಂಗೀತದ ಸಂಜೆಗಳು. ಶನಿವಾರ ರಾತ್ರಿ ಅಲ್ಲಿ ಸೇರುವ ಹುಡುಗ ಹುಡುಗಿಯರಿಗೆ ಹಳೆಯ ಗೋಡೆ, ಎತ್ತರದ ಮಾಡು ಇಷ್ಟವಾಗುತ್ತವೆ. ಅವು ಯಾಕೆ ಹಾಗಿವೆ ಎಂದು ತಿಳಿಸುವವರು ಇಲ್ಲ. ಈ ಬರಹ ಅದಕ್ಕಾಗಿ.

ನೂಲು ಕೇಳಿದಂತೆ ಗೋಡೆ

ದೇವಸ್ಥಾನವನ್ನೋ ಅರಮನೆಯನ್ನೋ ನೋಡುವಾಗ ನಾವು ಮುಂಬದಿಯಿಂದ ಶುರುಮಾಡುತ್ತೇವೆ. ಗಿರಣಿಯನ್ನು ಒಳಗಿನಿಂದ ಓದಬೇಕು. ಹತ್ತಿ ಬಿಡಿಸಿ ಹಿಂಜುವಲ್ಲಿಂದ ನೂಲು ಕದಿರಿಗೆ ಸುತ್ತಿ, ಹಾಸು ಹೂಡಿ, ಗಂಜಿ ಹಾಕಿ, ಮಗ್ಗಕ್ಕೇರಿಸಿ, ಬಟ್ಟೆಯಾಗಿ ಮಡಿಕೆಯಾಗುವವರೆಗೆ ಒಂದೊಂದು ಕೆಲಸಕ್ಕೂ ಒಂದೊಂದು ಬಗೆಯ ಕೋಣೆ ಬೇಕು. ಹತ್ತಿ ಬಿಡಿಸುವ ಕೋಣೆಯಲ್ಲಿ ಬೆಂಕಿಯ ಅಪಾಯ ಎಲ್ಲಕ್ಕಿಂತ ಹೆಚ್ಚಾದ್ದರಿಂದ ಅದನ್ನು ದಪ್ಪ ಗೋಡೆಯಿಂದ ಪ್ರತ್ಯೇಕಿಸುತ್ತಿದ್ದರು. ನೂಲುವ ಯಂತ್ರಗಳು ಉದ್ದ, ಆದರೆ ಅಲುಗಾಟ ಕಡಿಮೆ; ಅವನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಇಡಬಹುದು. ಮಗ್ಗಗಳ ಮಾತು ಬೇರೆ. ಲಾಳಿ ಅತ್ತಿತ್ತ ಚಿಮ್ಮುವಾಗ ನೂರಾರು ಮಗ್ಗಗಳ ಹೊಡೆತ ಒಟ್ಟಿಗೆ ನೆಲಕ್ಕಿಳಿಯುತ್ತದೆ. ಮಹಡಿಯಲ್ಲಿಟ್ಟರೆ ಕಟ್ಟಡವೇ ಸಡಿಲವಾದೀತು. ಆದ್ದರಿಂದ ನೇಯುವ ಶೆಡ್ಡು ನೆಲಮಟ್ಟದಲ್ಲಿ, ಒಂದೇ ಅಂತಸ್ತಿನಲ್ಲಿ, ಅಗಲವಾಗಿ ಹರಡಿಕೊಳ್ಳುತ್ತದೆ.

ಎತ್ತರದ ಕಟ್ಟಡಕ್ಕೆ ಪಕ್ಕದ ಕಿಟಕಿ ಸಾಕು. ಗಿರಣಿಯ ಕಿಟಕಿಗಳು ದೊಡ್ಡವಾಗಿ, ತಲೆಯ ಮೇಲೆ ಚಪ್ಪಟೆ ಕಮಾನು ಹೊತ್ತು ಸಾಲಾಗಿ ನಿಲ್ಲುವುದು ಬೆಳಕು ಕೋಣೆಯ ನಡುವಿನವರೆಗೆ ಹೋಗಲೆಂದು. ಕಿಟಕಿಗಳ ನಡುವಿನ ಗೋಡೆ ಒಳಗಿನ ತೊಲೆಯ ಭಾರ ಹೊರುವ ಕಂಬ. ಕೆಳಗಿನ ಅಂತಸ್ತಿನಲ್ಲಿ ಗೋಡೆ ದಪ್ಪ, ಮೇಲೆ ಹೋದಂತೆ ತೆಳು. ಹೊರಗಿನಿಂದ ನೋಡಿದಾಗ ಕಾಣುವ ಲಯ ಯಾರೋ ಅಲಂಕಾರಕ್ಕೆ ಹಾಕಿದ್ದಲ್ಲ. ಒಳಗಿನ ಯಂತ್ರಗಳ ಉದ್ದ, ಸಾಲುಗಳ ಅಂತರ ಹೊರಗೋಡೆಯ ಮೇಲೆ ಮೂಡಿದ್ದು. ಕಿಟಕಿ ಎಣಿಸಿದರೆ ಒಳಗೆ ಎಷ್ಟು ಅಂಕಣ ಇವೆಯೆಂದು ಹೇಳಬಹುದು.

ಅಗಲವಾದ ನೇಯ್ಗೆ ಶೆಡ್ಡಿಗೆ ಪಕ್ಕದ ಕಿಟಕಿ ಸಾಲದು. ನಡುವಿನ ಮಗ್ಗ ಕತ್ತಲಲ್ಲಿ ಉಳಿಯುತ್ತದೆ. ಅಲ್ಲಿ ಹುಟ್ಟಿದ್ದು ಗರಗಸದ ಹಲ್ಲಿನಂಥ ಮಾಡು. ಒಂದು ಮಗ್ಗುಲು ಹೆಂಚು ಅಥವಾ ತಗಡಿನ ಇಳಿಜಾರು, ಇನ್ನೊಂದು ಮಗ್ಗುಲು ಗಾಜು. ಗಾಜು ಯಾವಾಗಲೂ ಉತ್ತರಕ್ಕೆ. ಸೂರ್ಯ ದಕ್ಷಿಣದಲ್ಲಿ ಸಾಗುವ ದೇಶಗಳಲ್ಲಿ ಉತ್ತರದ ಆಕಾಶದಿಂದ ಬರುವ ಬೆಳಕಿನಲ್ಲಿ ಬಿಸಿಲಿಲ್ಲ, ಕಣ್ಣು ಕೋರೈಸುವುದಿಲ್ಲ, ಗಾಢ ನೆರಳಿಲ್ಲ. ಸಾವಿರಾರು ಎಳೆಗಳ ಹಾಸಿನಲ್ಲಿ ಒಂದೆಳೆ ಹರಿದರೂ ನೇಕಾರನಿಗೆ ಕಾಣುತ್ತದೆ. ಬೆಳಗಿನ ಬಣ್ಣ ಸಂಜೆಯ ಬಣ್ಣಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಲೇಬೇಕು, ಏಕೆಂದರೆ ಗಿರಣಿಯ ಛಾವಣಿಯ ಜಾಣ್ಮೆಯೆಲ್ಲ ಈ ಲೆಕ್ಕದಲ್ಲಿದೆ. ಗಿರಣಿ ಯಂತ್ರಗಳ ತವರಾದ ಲ್ಯಾಂಕಾಷೈರಿನ ಓಲ್ಡಮ್ ಸುಮಾರು 53.5 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ 21ರ ನಡುಹಗಲಿನಲ್ಲೂ ಸೂರ್ಯ ನೆತ್ತಿಗೆ ಬರುವುದಿಲ್ಲ, ನೆತ್ತಿಯಿಂದ 30 ಡಿಗ್ರಿ ದಕ್ಷಿಣಕ್ಕೇ ಇರುತ್ತಾನೆ. ಹಾಗಾಗಿ ಉತ್ತರದ ಗಾಜನ್ನು ನೆಲಕ್ಕೆ 60 ಡಿಗ್ರಿ ಓರೆಯಾಗಿ ಕೂರಿಸಿದರೂ ನಡುಹಗಲಿನ ಬಿಸಿಲು ವರ್ಷವಿಡೀ ಒಳಗೆ ಬರದು. ಅದೇ ಓರೆಯನ್ನು 18.5 ಡಿಗ್ರಿ ಅಕ್ಷಾಂಶದ ಪುಣೆಗೆ ತಂದು ಕೂರಿಸಿದರೆ ಫೆಬ್ರುವರಿ ಮೂರನೇ ವಾರದ ಕೊನೆಯಿಂದ ಅಕ್ಟೋಬರ್ ನಾಲ್ಕನೇ ವಾರದವರೆಗೆ, ಸುಮಾರು ಎಂಟು ತಿಂಗಳು, ನಡುಹಗಲಿನ ಬಿಸಿಲು ನೇರವಾಗಿ ಮಗ್ಗದ ಮೇಲೆ ಬೀಳುತ್ತದೆ. ಗಾಜನ್ನು ನೆಟ್ಟಗೆ ನಿಲ್ಲಿಸಿದರೆ ಈ ತೊಂದರೆ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ. ಆಗ ಸೂರ್ಯ ಪುಣೆಯ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೆ ಸರಿದಿರುತ್ತಾನೆ. ಬೆಂಗಳೂರಿನಲ್ಲಿ ಆ ಅವಧಿ ಇನ್ನೂ ಉದ್ದ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ. ಮಾಡಿನ ಅಂಚನ್ನು ಗಾಜಿನಾಚೆಗೆ ಸ್ವಲ್ಪ ಚಾಚಿದರೆ ಆ ದಿನಗಳೂ ಸುಧಾರಿಸುತ್ತವೆ. ಯಾವುದೇ ಹಳೆಯ ಗಿರಣಿಯ ಮುಂದೆ ನಿಂತಾಗ ಗಾಜಿನ ಓರೆ ನೋಡಿ. ಕಟ್ಟಿದವನು ಇಂಗ್ಲೆಂಡಿನ ನಕ್ಷೆಯನ್ನು ಹಾಗೇ ಇಳಿಸಿದನೋ, ನಮ್ಮ ಸೂರ್ಯನನ್ನು ನೋಡಿ ಕಟ್ಟಿದನೋ ಎಂಬುದಕ್ಕೆ ಆ ಒಂದು ಕೋನವೇ ಸಾಕ್ಷಿ.

ಎರಡು ಹಲ್ಲುಗಳ ನಡುವಿನ ಕಣಿವೆಯಲ್ಲಿ ಮಳೆನೀರಿನ ದೋಣಿ ಇರುತ್ತದೆ, ಅದರ ಕೆಳಗೆ ಎರಕದ ಕಂಬಗಳ ಸಾಲು. ಕೆಲವು ಕಡೆ ಕಂಬ ಟೊಳ್ಳು. ನೀರು ಕಂಬದೊಳಗಿಂದಲೇ ಇಳಿದು ನೆಲದಡಿಯ ಚರಂಡಿ ಸೇರುತ್ತದೆ. ಭಾರ ಹೊರುವುದು, ನೀರಿಳಿಸುವುದು, ಯಂತ್ರ ತಿರುಗಿಸುವ ಉಕ್ಕಿನ ದಂಡವನ್ನು ಎತ್ತಿ ಹಿಡಿಯುವುದು ಮೂರೂ ಒಂದೇ ಕಂಬದ ಕೆಲಸ. ಇಷ್ಟು ಮಿತವ್ಯಯದ ಕಟ್ಟಡ ಕಲೆ ನಮ್ಮ ಕಣ್ಣಿಗೆ ಬೀಳದಿರುವುದು ವ್ಯಥೆಯ ಸಂಗತಿ.

ತೇವ, ಹೊಗೆ, ಹಗ್ಗ

ಬೆಳಕಿನಷ್ಟೇ ಮುಖ್ಯ ತೇವ. ಒಣಗಾಳಿಗೆ ಹತ್ತಿಯ ಎಳೆ ಪಟಪಟ ಹರಿಯುತ್ತದೆ. ನೇಯುವ ಕೋಣೆಯ ಗಾಳಿಯಲ್ಲಿ ಶೇ 75ರಿಂದ 80ರಷ್ಟು ಆರ್ದ್ರತೆ ಇದ್ದರೆ ಒಳ್ಳೆಯದು. ಲ್ಯಾಂಕಾಷೈರಿನ ಮೋಡ, ಮುಂಬಯಿಯ ಸಮುದ್ರ ಅದನ್ನು ಪುಕ್ಕಟೆ ಕೊಟ್ಟವು. ಘಟ್ಟ ಹತ್ತಿದ ಮೇಲೆ ಮಾರ್ಚ್, ಏಪ್ರಿಲಿನ ಗಾಳಿ ಬೇರೆಯೇ. ಸೊಲ್ಲಾಪುರ, ಕಲಬುರಗಿಗಳಲ್ಲಂತೂ ಹೇಳುವುದೇ ಬೇಡ. ಹಾಗಾಗಿ ಉಗಿ ಬಿಡುವ, ನೀರು ಚಿಮುಕಿಸುವ ವ್ಯವಸ್ಥೆ ಮಾಡಿ, ಆ ತೇವ ಹೊರಹೋಗದಂತೆ ಕಿಟಕಿಗಳನ್ನು ಮುಚ್ಚಿಬಿಡುತ್ತಿದ್ದರು. ಕಿಟಕಿ ಅಷ್ಟು ದೊಡ್ಡದು, ಆದರೆ ತೆರೆಯುವಂತಿಲ್ಲ. ಬೇಸಿಗೆಯಲ್ಲಿ ಒಳಗೆ ನಿಂತವನಿಗೆ ಬೆವರು ಆರುವುದಿಲ್ಲ, ಹತ್ತಿಯ ಧೂಳು ಎದೆಗಿಳಿಯುತ್ತದೆ, ಮಗ್ಗದ ಸದ್ದಿಗೆ ಕಿವಿ ಮಂದವಾಗುತ್ತದೆ. ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ರೋಗಕ್ಕೆ ವೈದ್ಯರು ಬೈಸಿನೋಸಿಸ್ ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ಈ ಕಟ್ಟಡಗಳ ಚೆಲುವನ್ನು ಹೊಗಳುವಾಗ ಇದನ್ನು ಮರೆಯಬಾರದು. ಬೆಳಕನ್ನೂ ತೇವವನ್ನೂ ಅಳೆದು ತೂಗಿ ಇಟ್ಟದ್ದು ನೂಲಿಗೆ. ಮನುಷ್ಯ ಅದಕ್ಕೆ ಹೊಂದಿಕೊಳ್ಳಬೇಕಿತ್ತು.

ಚಿಮಣಿಯ ಕೆಲಸ ಬಾಯ್ಲರಿನ ಬೆಂಕಿಗೆ ಗಾಳಿ ಎಳೆಯುವುದು. ಬಿಸಿ ಹೊಗೆ ಮೇಲೇರಿದಷ್ಟೂ ಕೆಳಗಿನಿಂದ ಹೊಸ ಗಾಳಿ ಒಲೆಗೆ ನುಗ್ಗುತ್ತದೆ. ಎತ್ತರ ಹೆಚ್ಚಾದಷ್ಟೂ ಸೆಳೆತ ಹೆಚ್ಚು. ಗಾಳಿಯ ಒತ್ತಡ ತಡೆಯಲು ದುಂಡಗೆ ಅಥವಾ ಎಂಟು ಮೂಲೆಯಾಗಿ, ಮೇಲೆ ಹೋದಂತೆ ಸಣ್ಣಗಾಗುವಂತೆ ಕಟ್ಟುತ್ತಿದ್ದರು. ಊರಿಗೆಲ್ಲ ಕಾಣುವುದು ಇದೇ ಆದ್ದರಿಂದ ಒಡೆಯರು ತುದಿಯಲ್ಲಿ ಇಟ್ಟಿಗೆಯ ಕಿರೀಟ ಮಾಡಿಸಿ, ಹೆಸರಿನ ಅಕ್ಷರಗಳನ್ನು ಮೂಡಿಸುವುದೂ ಇತ್ತು.

ಬಾಯ್ಲರ್ ಮನೆಯ ಪಕ್ಕದಲ್ಲಿ ಎಂಜಿನ್ ಮನೆ. ಗಿರಣಿಯ ಅತ್ಯಂತ ಅಂದದ ಕೋಣೆ ಸಾಮಾನ್ಯವಾಗಿ ಇದೇ. ಅಲ್ಲಿ ತಿರುಗುವ ದೈತ್ಯ ಚಕ್ರದ ಅಂಚಿನಲ್ಲಿ ಸಾಲು ಸಾಲು ಕಚ್ಚುಗಳು, ಒಂದೊಂದು ಕಚ್ಚಿನಲ್ಲಿ ಹತ್ತಿಯ ದಪ್ಪ ಹಗ್ಗ. ಹಗ್ಗಗಳು ಕಟ್ಟಡದ ಒಂದು ತುದಿಯಲ್ಲಿ ತಳದಿಂದ ಮಾಡಿನವರೆಗೆ ಖಾಲಿ ಬಿಟ್ಟ ಕಿರಿದಾದ ಕೋಣೆಯಲ್ಲಿ ಏರಿ, ಪ್ರತಿ ಅಂತಸ್ತಿನ ಉದ್ದ ದಂಡವನ್ನು ತಿರುಗಿಸುತ್ತಿದ್ದವು. ದಂಡದಿಂದ ಯಂತ್ರಕ್ಕೆ ತೊಗಲಿನ ಪಟ್ಟಿ. ಹಲ್ಲಿನ ಗಾಲಿ ಮುರಿದರೆ ಇಡೀ ಗಿರಣಿ ನಿಲ್ಲುತ್ತದೆ. ಒಂದು ಹಗ್ಗ ಹರಿದರೆ ಉಳಿದವು ಎಳೆಯುತ್ತವೆ. ಆ ಕಿರಿದಾದ ಎತ್ತರದ ಕೋಣೆ ಉಳಿದಿದ್ದರೆ ಗಿರಣಿ ಉಗಿಕಾಲದ್ದೆಂದು ಗುರುತಿಸಬಹುದು. 1915ರಲ್ಲಿ ಖೋಪೋಲಿಯಿಂದ ಟಾಟಾ ಕಂಪನಿಯ ಜಲವಿದ್ಯುತ್ ಮುಂಬಯಿ ಗಿರಣಿಗಳಿಗೆ ಹರಿದ ಮೇಲೆ ಈ ಏರ್ಪಾಡು ಮೆಲ್ಲಗೆ ಬೇಡವಾಯಿತು. ಯಂತ್ರಕ್ಕೊಂದು ಮೋಟಾರು ಬಂತು.

ನಮ್ಮಲ್ಲೊಂದು ಗಿರಣಿ ಆ ಹೊತ್ತಿಗೆ ಬೇರೆ ದಾರಿ ಹಿಡಿದು ಎಷ್ಟೋ ವರ್ಷವಾಗಿತ್ತು. ಘಟಪ್ರಭಾ ನದಿ 52 ಮೀಟರ್ ಧುಮುಕುವ ಗೋಕಾಕ ಜಲಪಾತದ ಪಕ್ಕದಲ್ಲಿ ಫೋರ್ಬ್ಸ್ ಕಂಪನಿಯವರು 1885ರಲ್ಲಿ ಸಂಸ್ಥೆ ಕಟ್ಟಿ, 1887ರಲ್ಲಿ ಗಿರಣಿ ನಡೆಸತೊಡಗಿದರು. ಶಕ್ತಿಯ ಮೂಲ ಕಲ್ಲಿದ್ದಲಲ್ಲ, ಬೀಳುವ ನೀರು. ಆದ್ದರಿಂದ ಈ ಗಿರಣಿ ರೈಲು ನಿಲ್ದಾಣ ಹುಡುಕಿಕೊಂಡು ಹೋಗಲಿಲ್ಲ. ಬಂಡೆಯ ಅಂಚಿಗೇ ಬಂದು ನಿಂತಿತು. ಯಂತ್ರಮನೆ ಕೆಳಗೆ ಕಮರಿಯಲ್ಲಿ, ನೂಲುವ ಕಟ್ಟಡ ಮೇಲೆ, ನದಿಗೆ ಅಡ್ಡಲಾಗಿ 201 ಮೀಟರ್ ಉದ್ದದ ತೂಗುಸೇತುವೆ, ಹಿಂದೆ ಕಾರ್ಮಿಕರ ಮನೆಗಳ ಸಾಲು. ಎದುರಿಗೇ ಚಾಲುಕ್ಯ ಕಾಲದ ಗುಡಿಗಳು. ಜಲಪಾತ ನೋಡಲು ಬರುವ ಸಾವಿರಾರು ಜನರಲ್ಲಿ ಗಿರಣಿಯ ಕಡೆ ತಿರುಗುವವರು ಎಷ್ಟು? ಭೂಮಿಯ ಆಕಾರ ನೋಡಿ ಕಟ್ಟಿದ ಇಂಥ ಕೈಗಾರಿಕಾ ಕಟ್ಟಡ ಕನ್ನಡ ನೆಲದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಗೇಟು

ಗಿರಣಿಗೆ ಗೋಡೆ ಎಷ್ಟು ಉದ್ದವಿದ್ದರೂ ಗೇಟು ಒಂದೇ. ಪಕ್ಕದಲ್ಲಿ ಹಾಜರಿ ಬರೆಯುವ ಕೋಣೆ, ಮೇಲೆ ಗಡಿಯಾರ. ಭೋಂಗಾ, ಅಂದರೆ ಗಿರಣಿಯ ಸೈರನ್, ಕೂಗಿದ ಮೇಲೆ ಬಂದವನಿಗೆ ಒಳಗೆ ಪ್ರವೇಶವಿಲ್ಲ. ಬದಲಿ ಕೆಲಸಗಾರರು ದಿನವೂ ಬಂದು ನಿಲ್ಲುತ್ತಿದ್ದುದು ಇದೇ ಗೇಟಿನ ಮುಂದೆ. ಆಳುಗಳನ್ನು ಆರಿಸುವ ಮೇಸ್ತ್ರಿ, ಅಂದರೆ ಜಾಬರ್, ಬೆರಳು ತೋರಿದವನಿಗೆ ಅಂದು ಕೂಲಿ. ಸಂಜೆ ಹೊರಬರುವಾಗ ಜಡತಿಯೂ, ಅಂದರೆ ಮೈ ತಪಾಸಣೆಯೂ, ಇಲ್ಲೇ. ಎಲ್ಲರೂ ಒಂದೇ ಬಾಗಿಲಿನಿಂದ ಹೋಗಿಬರಬೇಕೆಂದು ಕಟ್ಟಿದ ಈ ವ್ಯವಸ್ಥೆ, ಎಲ್ಲರೂ ಒಂದೆಡೆ ಸೇರುವುದಕ್ಕೂ ದಾರಿಯಾಯಿತು. ಗಿರಣಿ ಊರುಗಳ ರಾಜಕೀಯ ಶುರುವಾದದ್ದು ಗೇಟ್ ಮೀಟಿಂಗಿನಲ್ಲಿ.

ಭಾನುವಾರದ ರಜೆ ನಮಗೆ ಸಹಜವೆನಿಸುತ್ತದೆ. ಗಿರಣಿ ಕಾರ್ಮಿಕರಿಗೆ ಆ ರಜೆ ತಾನಾಗಿ ಬಂದದ್ದಲ್ಲ. ಜ್ಯೋತಿಬಾ ಫುಲೆಯವರ ಒಡನಾಡಿ, ಪುಣೆಯಲ್ಲಿ ಹುಟ್ಟಿ ಮುಂಬಯಿಗೆ ಹೋದ ‘ದೀನಬಂಧು’ ಪತ್ರಿಕೆಯ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಳ ಕಾಲ ಸಭೆ ನಡೆಸಿ, ಅರ್ಜಿ ಸಲ್ಲಿಸಿ, ಕೊನೆಗೆ 1890ರ ಜೂನ್ 10ರಂದು ಮುಂಬಯಿ ಗಿರಣಿ ಒಡೆಯರಿಂದ ವಾರದ ರಜೆ ಪಡೆದರು. ಜವಳಿ ಗಿರಣಿಯ ವಯಸ್ಕ ಗಂಡಸರ ಕೆಲಸಕ್ಕೆ ದಿನಕ್ಕೆ 12 ಗಂಟೆಯ ಮಿತಿ ಕಾನೂನಾಗಲು 1911ರವರೆಗೆ ಕಾಯಬೇಕಾಯಿತು.

ಪುಣೆಯಿಂದ ಪೂರ್ವಕ್ಕೆ ಅದೇ ಹಳಿಯ ಮೇಲೆ ಹೋದರೆ ಸೊಲ್ಲಾಪುರ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಪಾಳಿಯಲ್ಲಿ ದುಡಿದ ಗಿರಣಿ ಊರು. ಮುರಾರಜಿ ಗೋಕುಲದಾಸರು 1870ರ ದಶಕದಲ್ಲಿ ಸ್ಥಾಪಿಸಿದ ಸೊಲ್ಲಾಪುರ ಸ್ಪಿನ್ನಿಂಗ್ ಆ್ಯಂಡ್ ವೀವಿಂಗ್ ಕಂಪನಿಯನ್ನು ಊರಿನವರು ಜುನಿ ಮಿಲ್, ಅಂದರೆ ಹಳೇ ಗಿರಣಿ, ಎಂದೇ ಕರೆದರು. 1930ರ ಮೇ ತಿಂಗಳಲ್ಲಿ ಗಾಂಧೀಜಿ ಬಂಧನದ ಸುದ್ದಿ ಬಂದಾಗ ಈ ಊರಿನ ಗಿರಣಿಗಳು ಬರಿದಾಗಿ ಬೀದಿಗಳು ತುಂಬಿದವು. ಸರ್ಕಾರ ಗುಂಡು ಹಾರಿಸಿತು, ಸೇನಾಡಳಿತ ಹೇರಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಗಲ್ಲಿಗೇರಿಸಿದ್ದು ಪುಣೆಯ ಯರವಡಾ ಜೈಲಿನಲ್ಲಿ.

ಸ್ವಾತಂತ್ರ್ಯದ ನಂತರ ಇದೇ ಹಳೇ ಗಿರಣಿ 1949ರಲ್ಲಿ ಬಾಗಿಲು ಹಾಕಿದಾಗ ಕೇಂದ್ರ ಸರ್ಕಾರ 1950ರ ಜನವರಿಯಲ್ಲಿ ಅದರ ಆಡಳಿತ ವಹಿಸಿಕೊಂಡಿತು. ಷೇರುದಾರರೊಬ್ಬರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಚಿರಂಜಿತ್ ಲಾಲ್ ಚೌಧುರಿ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಓದುವ ತೀರ್ಪು ಅದು, ಸಮಾನತೆಯ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟಿನ ಮೊದಮೊದಲ ಮಾತು. ಮೂರು ದಶಕದ ನಂತರ, 1980ರಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಮುರಿಯುವಂತಿಲ್ಲ ಎಂದು ಮತ್ತೆ ಗಟ್ಟಿಮಾಡಿದ ತೀರ್ಪು ಬಂದದ್ದು ಬೆಂಗಳೂರಿನ ಮಿನರ್ವ ಮಿಲ್ಸ್ ಹೆಸರಿನಲ್ಲಿ. ಭಾರತದ ಸಂವಿಧಾನದ ಕಥೆಯಲ್ಲಿ ಎರಡು ಬಟ್ಟೆ ಗಿರಣಿಗಳು ಹೀಗೆ ಶಾಶ್ವತವಾಗಿ ಕೂತಿವೆ. ಅವುಗಳ ಕಟ್ಟಡಗಳಿಗೆ ಆ ಭಾಗ್ಯ ಸಿಗಲಿಲ್ಲ.

ಅಳೆದದ್ದು ನೆಲವನ್ನು

ಗಿರಣಿಗಳು ಯಾಕೆ ಮುಚ್ಚಿದವು ಎಂಬುದು ಬೇರೆ ದೊಡ್ಡ ಕಥೆ: ಹಳೆಯ ಯಂತ್ರ, ವಿದ್ಯುತ್ ಮಗ್ಗಗಳ ಪೈಪೋಟಿ, ಸಿಂಥೆಟಿಕ್ ಬಟ್ಟೆ, 1982ರ ಜನವರಿ 18ರಂದು ಶುರುವಾಗಿ ಎರಡೂವರೆ ಲಕ್ಷ ಕಾರ್ಮಿಕರನ್ನು ಬೀದಿಗೆ ತಂದ ಮುಂಬಯಿ ಮುಷ್ಕರ. ಕಟ್ಟಡಗಳ ಮಟ್ಟಿಗೆ ನಿರ್ಣಾಯಕವಾದದ್ದು ನೆಲದ ಬೆಲೆ. ರೈಲಿಗೆ ಹತ್ತಿರವೆಂದು ಆರಿಸಿದ ಜಾಗ ನೂರು ವರ್ಷದಲ್ಲಿ ಊರಿನ ನಡುಮಧ್ಯವಾಗಿತ್ತು. ಮುಂಬಯಿಯಲ್ಲಿ 1991ರ ನಿಯಮ ಗಿರಣಿ ಭೂಮಿಯನ್ನು ನಗರಕ್ಕೆ, ಬಡವರ ವಸತಿಗೆ, ಒಡೆಯರಿಗೆ ಎಂದು ಮೂರು ಪಾಲು ಮಾಡಿತು. 2001ರ ತಿದ್ದುಪಡಿ ಖಾಲಿ ಜಾಗಕ್ಕಷ್ಟೇ ಆ ಪಾಲು ಎಂದಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ವಾದವೆಲ್ಲ ಯಾರಿಗೆ ಎಷ್ಟು ಎಕರೆ ಎಂಬುದರ ಮೇಲೆ. ನೆಲವನ್ನು ಅಳೆದರು, ಛಾವಣಿಯನ್ನು ಅಳೆಯಲಿಲ್ಲ.

ಪರಿಣಾಮ ನಮ್ಮ ಕಣ್ಣ ಮುಂದಿದೆ. ಲೋವರ್ ಪರೇಲಿನ ಫೀನಿಕ್ಸ್ ಮಿಲ್ ಮಾಲ್ ಆಯಿತು, ನೆನಪಿಗೆಂದು ಚಿಮಣಿ ಉಳಿಯಿತು. ಬೆಂಗಳೂರಿನಲ್ಲಿ 1884ರಲ್ಲಿ ಹುಟ್ಟಿ ಎರಡು ವರ್ಷದಲ್ಲಿ ಬಿನ್ನಿ ಕಂಪನಿಯ ಕೈ ಸೇರಿದ ಗಿರಣಿಯ ಜಾಗದಲ್ಲಿ ವಸತಿ ಗೋಪುರಗಳು, ಮಾಲ್. ಬಿನ್ನಿಪೇಟೆ ಎಂಬ ಹೆಸರೊಂದು ಬಸ್ಸಿನ ಬೋರ್ಡಿನಲ್ಲಿದೆ. ಚಿಮಣಿ ಉಳಿಸುವುದು ಸುಲಭ. ಅದು ನಿಲ್ಲಲು ಕೆಲವೇ ಅಡಿ ಜಾಗ ಸಾಕು, ಫೋಟೊಗೆ ಚೆಂದ, ಜಾಹೀರಾತಿಗೆ ಒದಗುತ್ತದೆ. ಆದರೆ ಚಿಮಣಿ ಗಿರಣಿಯ ಒಲೆಗೆ ಸೇರಿದ್ದು. ಗಿರಣಿಯೆಂದರೆ ಆ ಮಾಡಿನ ಕೋನ, ಕಂಬದ ಸಾಲು, ಹಗ್ಗದ ಕೋಣೆ, ಗೇಟು, ಮತ್ತು ಹತ್ತಿ ಬಂದು ಬಟ್ಟೆ ಹೋದ ದಾರಿ.

ಈ ದೃಷ್ಟಿಯಿಂದ ಪುಣೆಯ ರಾಜಾ ಬಹಾದ್ದೂರ್ ಮಿಲ್ ಅಂಗಳ ನೆಲಸಮಕ್ಕಿಂತ ಎಷ್ಟೋ ಮೇಲು. ಬಳಸುವ ಕಟ್ಟಡ ಉಳಿಯುತ್ತದೆ, ಬಿಟ್ಟ ಕಟ್ಟಡ ಬೀಳುತ್ತದೆ. ಊಟದ ಮನೆಯಾದರೂ ಸರಿ, ಮಾಡು ಸೋರದಂತೆ ನೋಡಿಕೊಳ್ಳುವವರು ಇರುತ್ತಾರೆ. ನನ್ನ ತಕರಾರು ಒಂದೇ. ಗಿರಣಿಯ ಅಂಗಳದಲ್ಲಿ ಯಂತ್ರ ಎಲ್ಲಿತ್ತು, ದಂಡ ಎಲ್ಲಿ ಓಡುತ್ತಿತ್ತು, ಎಷ್ಟು ಜನ ಯಾವ ಪಾಳಿಯಲ್ಲಿ ಬರುತ್ತಿದ್ದರು ಎಂದು ಕಾಣುವಂತೆ ಮರಾಠಿಯಲ್ಲಿ ಬರೆದು ಹಾಕಬೇಕು. ಶ್ರೂಸ್‌ಬರಿಯ ಆ ಹಳೆಯ ಗಿರಣಿಯನ್ನು ದುರಸ್ತಿ ಮಾಡಿ 2022ರಲ್ಲಿ ಜನರಿಗೆ ತೆರೆದರು. ಅಲ್ಲಿ ಕಚೇರಿಗಳೂ ಇವೆ, ಗಿರಣಿಯ ಕಥೆ ಹೇಳುವ ಜಾಗವೂ ಇದೆ. ಎರಡೂ ಒಟ್ಟಿಗೆ ಸಾಧ್ಯ.

ಕರ್ನಾಟಕದ ಸರದಿ ಇನ್ನೂ ಪೂರ್ತಿ ಮುಗಿದಿಲ್ಲ. ಗೋಕಾಕದಲ್ಲಿ ಗಿರಣಿ ಇದೆ. ಕಲಬುರಗಿಯಲ್ಲಿ ನಿಜಾಮ ಮೆಹಬೂಬ್ ಅಲಿ ಖಾನರ ಹೆಸರಿನ ಎಂ.ಎಸ್.ಕೆ. ಮಿಲ್, ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ ಭಾರತ ಮಿಲ್ ಊರಿನ ಭೂಗೋಳದಲ್ಲಿ ಅಚ್ಚೊತ್ತಿವೆ. ನಮ್ಮ ಪರಂಪರೆಯ ಪಟ್ಟಿಗಳಲ್ಲಿ ಗುಡಿ, ಕೋಟೆ, ಅರಮನೆಗಳಿಗೆ ಸಿಗುವ ಜಾಗ ಗಿರಣಿಗಳಿಗೆ ಸಿಕ್ಕಿಲ್ಲ. ಎಲ್ಲವನ್ನೂ ಉಳಿಸಿ ಎಂದು ನಾನು ಕೇಳುವುದಿಲ್ಲ. ಯಾವುದೇ ಗಿರಣಿಯ ಗೋಡೆಗೆ ಯಂತ್ರ ಹಚ್ಚುವ ಮೊದಲು ಅದರ ಅಳತೆಯ ನಕ್ಷೆ, ಛಾಯಾಚಿತ್ರ, ಕೋಣೆಗಳ ವಿವರ ದಾಖಲಾಗಲೇಬೇಕೆಂಬ ಷರತ್ತನ್ನು ನಗರಪಾಲಿಕೆಗಳು ಹಾಕಲಿ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರಿನ ಕೆಲಸ ಅದು. ಗಿರಣಿಯಲ್ಲಿ ದುಡಿದವರು ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇದ್ದರೆ ಅವರು ಯಾವ ಖಾತೆಯಲ್ಲಿದ್ದರು, ಮಗ್ಗ ಯಾವ ಕಡೆ ಮುಖ ಮಾಡಿತ್ತು, ಬೆಳಕು ಎಲ್ಲಿಂದ ಬೀಳುತ್ತಿತ್ತು ಎಂದು ಕೇಳಿ ಬರೆದಿಡಿ. ಅವರಲ್ಲಿ ಹೆಚ್ಚಿನವರಿಗೆ ಈಗ ಎಪ್ಪತ್ತು ದಾಟಿದೆ.